ಸೊನ್ನೆ, ಖಾಲಿ

ವಾಲ್ದೀವಿಯಾದ ದಡ. ಬೆಳಗಿನ ನಾಲ್ಕೂವರೆ, ಇಳಿತ.
ಬಂಡೆಯ ಮೇಲೆ ಚೌಕಟ್ಟಿಟ್ಟು ಮೊಣಕಾಲೂರಿ
ಹಣೆದೀಪದ ಬೆಳಕಲ್ಲಿ ಎಣಿಸಿದಳು ಮಿಯಾರಾಯ್:
ಲಿಂಪೆಟ್ ಹನ್ನೊಂದು, ಬಾರ್ನಕಲ್ ಲೆಕ್ಕವಿಲ್ಲ.
‘ಲೆಕ್ಕವಿಲ್ಲ ಅಂತೇನಿಲ್ಲ, ಎಣಿಸು’
ಎಂದರು ಪ್ರೊಫೆಸರ್ ಓರ್ತೆನ್ಸಿಯಾ,
ಥರ್ಮಾಸಿನ ಮುಚ್ಚಳದಲ್ಲಿ ಚಹ ಹಿಡಿದು,
ಸೋರುವ ಮೂಗು ತೋಳಿಗೆ ಒರೆಸುತ್ತ.

ಹೊಸ ಹುಡುಗ ಬಾಸ್ತಿಯಾನ್ ಕೇಳಿದ:
ನಕ್ಷತ್ರಮೀನು ಇಲ್ಲ. ಆ ಮನೆ ಖಾಲಿ ಬಿಡಲೇ?

ಬಿಡಬೇಡ.
ಖಾಲಿ ಅಂದರೆ ನೋಡಲೇ ಇಲ್ಲ ಅಂತ.
ಸೊನ್ನೆ ಅಂದರೆ
ಹುಡುಕಿದೆವು, ಸಂದುಗೊಂದಿಗೆಲ್ಲ ಬೆರಳು ಹಾಕಿ,
ಕಡಲಕಳೆಯ ಜಡೆ ಎತ್ತಿ, ಕಾದು ಕೂತು.
ಇರಲಿಲ್ಲ.

ನೀರಿಗೆ ಕರಗದ ಹಾಳೆಯ ಕೊನೆಯಲ್ಲಿ
‘ದೋಣಿಯವರು’ ಎಂದು ಅಚ್ಚಾದ ಸಾಲು.
ಇಪ್ಪತ್ತಾರು ವರ್ಷ ಅಲ್ಲಿ ಒಂದೇ ಹೆಸರು, ಎಲಿಯೊದೋರೊ;
ಬರೆದ ಕೈಗಳು ಮಾತ್ರ ಬೇರೆ ಬೇರೆ.
ಮೇ ತಿಂಗಳಲ್ಲಿ ಮಣ್ಣಿಗೆ ಹೋಗಿ ಬಂದಿದ್ದೆವು.
ಇವತ್ತು ಜೀಪಿನಲ್ಲಿ, ಸುತ್ತು ದಾರಿ ಹಿಡಿದು ಬಂದದ್ದು.

ಬಾಸ್ತಿಯಾನನ ಪೆನ್ಸಿಲ್ ಅಲ್ಲಿ ತಡೆಯಿತು.
ಓರ್ತೆನ್ಸಿಯಾ ಅತ್ತ ತಿರುಗಿ
ಬೂಟಿನ ನೀರು ಸುರಿಯತೊಡಗಿದರು.
ಮಿಯಾರಾಯ್ ಹಾಳೆ ಕಸಿದುಕೊಂಡು ಬರೆದಳು,
ದುಂಡಗೆ, ಕೆಳಗಿನ ಹಾಳೆಗೂ ಮೂಡುವಷ್ಟು ಒತ್ತಿ.

ಇನ್ನೂ ಎರಡು ಚೌಕ ಬಾಕಿ.
ನೀರು ಏರುತ್ತಿತ್ತು.