ಗ್ಲೆನಿಸ್ ಮನೆಯ ಡಿಮ್ಮರ್

ಬ್ಯಾಲರಾಟಿನ ಜುಲೈ. ಸ್ಕ್ರೂಡ್ರೈವರ್ ಕೂಡ ಬೆರಳು ಕಚ್ಚುವ ಚಳಿ.
ಬಾಗಿಲು ತೆಗೆದ ಕೂಡಲೇ ರೇ ಹೇಳಿದ:
"ಬಲ್ಬು ಸರಿಯಾಗಿದೆ. ಸ್ವಿಚ್ಚೂ ಸರಿಯಾಗಿದೆ.
ಸರಿಯಿಲ್ಲದ್ದು ಇವಳಿಗೆ ಮಾತ್ರ ಕಾಣುವ ಏನೋ ಒಂದು."

ಗ್ಲೆನಿಸ್ ಸೋಫಾದ ಮೂಲೆಯಲ್ಲಿ
ಮನೆಯೊಳಗೇ ಬಿಸಿಲಿನ ಟೋಪಿ ಹಾಕಿ ಕೂತಿದ್ದಳು.
ಆರು ತಿಂಗಳ ತಲೆನೋವು.
ಡಾಕ್ಟರು ವಯಸ್ಸಿನದು ಅಂದರು, ತಂಗಿ ಟೀವಿಯದು ಅಂದಳು,
ಗಂಡ ಏನೂ ಅನ್ನದೆ ರೇಡಿಯೊ ಸ್ವಲ್ಪ ಜೋರು ಮಾಡಿದ.

ಗೋಡೆಯಲ್ಲಿ ಹಿತ್ತಾಳೆ ಬಣ್ಣದ ಗುಂಡಿ, ಅವರ ಮದುವೆಯಷ್ಟೇ ಹಳೆಯದು.
ತಿರುಗಿಸಿದೆ. ಗೋಡೆಯೊಳಗೊಂದು ದುಂಬಿ ಗುಂಯ್ ಅಂದಿತು.
ಮೂರು ಎಲ್‌ಇಡಿ ಮಂಕಾಗಿ, ಅರ್ಧ ದಾರಿಯಲ್ಲಿ,
ಮಾತು ಮುರಿದ ನೆಂಟರಂತೆ ಒಟ್ಟಿಗೇ ಎದ್ದು ಹೋದವು.
ನಾಲ್ಕನೆಯದು, ಬದಲಿಸಲು ಮರೆತ ಹಳೆಯ ತಂತಿಬಲ್ಬು,
ಕಿತ್ತಳೆಯಾಗಿ, ಕೆಂಡವಾಗಿ, ಕೆಂಡದ ನೆನಪಾಗಿ
ತನ್ನ ಪಾಡಿಗೆ ಇಳಿಯುತ್ತಲೇ ಇತ್ತು.

ನಮ್ಮ ಕಂದೀಲಿಗೂ ಒಂದು ತಿರುಪು ಇತ್ತು.
ತಿರುಪಿದರೆ ಬತ್ತಿ ಇಳಿಯುತ್ತಿತ್ತು, ಬೆಳಕೂ ಅದರ ಜೊತೆ;
ಅಲ್ಲಿ ಮೋಸವಿರಲಿಲ್ಲ.
ಇದು ಕರೆಂಟನ್ನು ಇಳಿಸುವುದಿಲ್ಲ,
ಬರುವ ಪ್ರತಿ ಅಲೆಯ ತಲೆ ತರಿಯುತ್ತದೆ,
ಸೆಕೆಂಡಿಗೆ ನೂರು ಸಲ.
ತಂತಿ ಕಾದಿರುತ್ತದಲ್ಲ, ನಡುವಿನ ಕತ್ತಲನ್ನು
ಆ ಕಾವಿನಲ್ಲೇ ದಾಟಿಬಿಡುತ್ತದೆ.
ಎಲ್‌ಇಡಿಗೆ ಆ ಕಾವಿಲ್ಲ. ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ.
ಹತ್ತುತ್ತದೆ, ಆರುತ್ತದೆ, ಹತ್ತುತ್ತದೆ.
ಹೆಚ್ಚಿನವರ ಕಣ್ಣು ಅದನ್ನು ಬೆಳಕು ಅಂತಲೇ ನಂಬುತ್ತದೆ.

ಹೆಚ್ಚಿನವರ.

ಫೋನಿನ ಕ್ಯಾಮೆರಾ ತೆರೆದು ಬಲ್ಬಿಗೆ ಹಿಡಿದೆ.
ಪರದೆಯ ತುಂಬ ಕರಿಯ ಪಟ್ಟೆಗಳು,
ಜಮಖಾನ ಉರುಳಿಸಿದಂತೆ ಮೇಲಿಂದ ಕೆಳಕ್ಕೆ.
ರೇ ಕನ್ನಡಕ ಒರೆಸಿ ನೋಡಿದ. ಮತ್ತೆ ಒರೆಸಿದ.
ಗ್ಲೆನಿಸ್ ನೋಡಲಿಲ್ಲ. "ನನಗೆ ಗೊತ್ತು," ಅಂದಳು,
ಟೋಪಿಯ ಅಂಚು ಇನ್ನಷ್ಟು ಕೆಳಗೆಳೆದು.

ಬಿಚ್ಚಿದ ತಂತಿಬಲ್ಬನ್ನು ಕೇಳಿ ಇಸಕೊಂಡಳು.
ಬಿಸಿ ಆರಿರಲಿಲ್ಲ, ಎರಡು ಅಂಗೈ ನಡುವೆ ಹಿಡಿದಳು.

ಮೇನ್ ತೆಗೆದು ಹೊಸ ಡಿಮ್ಮರ್ ಕೂರಿಸಿದೆ,
ತಲೆಯ ಬದಲು ಅಲೆಯ ಬಾಲ ಕತ್ತರಿಸುವಂಥದು.
ಬಲ್ಬುಗಳೂ ಹೊಸವು; ಡಬ್ಬಿಯ ಮೇಲೆ
ತಗ್ಗಬಲ್ಲೆ ಎಂದು ಬರೆದುಕೊಂಡಂಥವು.
(ಬರೆದುಕೊಂಡವೆಲ್ಲ ತಗ್ಗುವುದಿಲ್ಲ. ಅದು ಬೇರೆ ಮಾತು.)
ಅಡುಗೆಮನೆಯ ಸುರುಳಿ ಬಲ್ಬಿನ ತಂಟೆಗೆ ಹೋಗಬೇಡಿ ಅಂದೆ,
ಪೂರ್ತಿ ಇರುವುದು, ಪೂರ್ತಿ ಹೋಗುವುದು, ಅದಕ್ಕೆ ಎರಡೇ ಗೊತ್ತು.

ರೇ ಗುಂಡಿಯ ಮುಂದೆ ನಿಂತ.
ಒಂದಿಷ್ಟು ತಿರುಗಿಸಿ, "ಈಗ?"
ಉತ್ತರವಿಲ್ಲ.
ಇನ್ನೊಂದಿಷ್ಟು. "ಈಗ?"
ಹೊಸದಾಗಿ ಕಟ್ಟಿಸಿದ ಹಲ್ಲಿನಂತೆ
ಆ ಪ್ರಶ್ನೆ ಅವನ ಬಾಯಲ್ಲಿ ಇನ್ನೂ ಕೂತಿರಲಿಲ್ಲ.
"ಇನ್ನೂ," ಅಂದಳು. "ಇನ್ನೂ ಸ್ವಲ್ಪ."

ನಮ್ಮಲ್ಲಿ ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತೇವೆ.
ಇಂಗ್ಲಿಷಿನಲ್ಲಿ ಅದನ್ನು ಹೇಳಲು ಹೋಗಿ ಬಿಟ್ಟೆ;
ಬಿಲ್ಲು ಬರೆಯುವುದಿತ್ತು.

ಹಳೆಯ ಡಿಮ್ಮರ್ ಕೋಟಿನ ಜೇಬಿನಲ್ಲೇ ಉಳಿದಿತ್ತು.
ಸ್ಟರ್ಟ್ ಸ್ಟ್ರೀಟಿನ ಸಿಗ್ನಲಿನಲ್ಲಿ ಸುಮ್ಮನೆ ತಿರುಗಿಸಿ ನೋಡಿದೆ.
ಕೆಂಪು ತಗ್ಗಲಿಲ್ಲ.
ಹಿಂದಿನ ಲಾರಿ ಹಾರ್ನ್ ಹೊಡೆದಾಗ
ಹಸಿರಾಗಿ ಎಷ್ಟು ಹೊತ್ತಾಗಿತ್ತೋ.