ಇಲ್ಲಿ ಬರೆಯಬಾರದು

ಶಹಾಬಾದದಾಗ ಕಲ್ಲಿಗೇನು ಬರ ಇಲ್ಲ.
ಹಾಸಿದರ ನೆಲ, ಹೊದಿಸಿದರ ಮಾಳಿಗಿ,
ನಿಲ್ಲಿಸಿದರ ಗ್ವಾಡಿ.
ನನ್ನ ಗ್ವಾಡಿಗೆ ಇಪ್ಪತ್ತೆರಡು ಪರ್ಸಿ ಹಿಡಿದಾವ,
ಪಿಎಫ್ ರೊಕ್ಕ ಅರ್ಧ ಹಿಡಿದದ.
ಕೆಲಸ ಮುಗಿದ ಸಂಜಿಗೇ ಬ್ರಶ್ ತರಿಸಿ
ನನ್ನ ಕೈಯಾರೆ ನಾನೇ ಬರದೆ:
ಇಲ್ಲಿ ಬರೆಯಬಾರದು.

ಜಗದೇವಿ ಬಾಗಿಲಿಗೆ ನಿಂತು ಓದಿದಳು.
"ಅಕ್ಷರ ಅವೇ ನೋಡ್ರಿ," ಅಂದಳು,
"ಯ ದ ಬಾಲ ಇನ್ನೂ ಸೊಟ್ಟೇ ಅದ."
ಅಷ್ಟಂದು ಒಳಗ ಹೋದಳು. ಕುಕ್ಕರ್ ಕೂಗಿತ್ತು.

ಎಂಬತ್ತೊಂದರಾಗ ಈ ಊರಿನ ಗ್ವಾಡಿ ಎಲ್ಲಾ ನಮ್ಮವು.
ಕೆಮ್ಮಣ್ಣಿಗೆ ಸರೇಸು ಕಾಸಿ ಹಾಕಿ,
ಈಚಲ ಕಡ್ಡಿ ಜಜ್ಜಿ ಬ್ರಶ್ ಮಾಡಿ,
ಎರಡನೇ ಪಾಳಿ ಸೈರನ್ ಆದ ಮ್ಯಾಲ ಹೊಂಡತಿದ್ದೆವು.
ಲಾಲಸಾಬ ಕಂದೀಲು ಹಿಡಿಯವ. ಅವಗ ಓದು ಬರ್ತಿದ್ದಿಲ್ಲ,
ಖರೆ, ಸಾಲು ವಾಲಿದರ ಮೊದಲು ತಿಳೀತಿದ್ದದ್ದು ಅವಗೇ.
ದುಡಿಯುವವನಿಗೇ ಊರು, ಅಂತ ಬರೀತಿದ್ದೆ.
'ದುಡಿಯುವವನಿಗೇ' ಅನ್ನೂದ್ರಾಗ ಗ್ವಾಡಿ ಮುಗಿದು
ಎಷ್ಟೋ ಸಲ ಊರು
ಮೂಲಿ ತಿರುಗಿ ಸಂದಿಯೊಳಗ ಹೋಗ್ತಿತ್ತು.

ಮಾಣಿಕರಾವ ಸಾಹುಕಾರನ ಗ್ವಾಡಿ ಬೆಳ್ಳಗ, ಹಾಲು ಸುರದಂಗ.
ಅಲ್ಲಿ ಬರದದ್ದು ಬೆಳಗಿಗೆ ಇರ್ತಿದ್ದಿಲ್ಲ.
ಮತ್ತ ಬರೀತಿದ್ದೆವು. ಮತ್ತ ಇರ್ತಿದ್ದಿಲ್ಲ.
ಸಾಹುಕಾರನ ಸೊಕ್ಕು ನೋಡ್ರಿ, ಅಂತ ಸಭಾದಾಗ ಹೇಳಿದೆ,
ಚಪ್ಪಾಳಿ ಬಿತ್ತು.
ತೊಳೀತಿದ್ದಾಕಿ ಮಾಪಮ್ಮ.
ಖಣಿಯಾಗ ಗಂಡನ ಕಾಲು ಹೋದ ಮ್ಯಾಲ
ಅವರ ಮನಿ ಕಸ ಮುಸರಿಗೆ ಬರವಾಕಿ.
ಅದು ಆವಾಗೇ ಗೊತ್ತಿತ್ತು ನನಗ.
ಗೊತ್ತಿತ್ತು ಅಂಬೂದು ಈಗ ಗೊತ್ತಾಗಲತ್ತದ.

ಈಗ ನಾ ಬಲಕ್ಕ ವಾಲಿ ನಡೀತೀನಿ.
ಎಡ ಮೊಣಕಾಲು ಸವದದ, ಕಲಬುರಗಿ ಡಾಕ್ಟರು
ಫೋಟೋ ತೆಗೆದು ದೀಪಕ್ಕ ಹಿಡಿದು ತೋರಿಸ್ಯಾರ.
ಚಾದಂಗಡಿಯಾಗ ಕೂತವರು ಅದಕ್ಕೂ ಅರ್ಥ ಹಚ್ತಾರ.
ಹಚ್ಚಲಿ.
ಯಾವ ದಿನ ಸರದೆ ಅಂತ ಕೇಳಿದರ ಹೇಳಲಿಕ್ಕೆ ಬರಂಗಿಲ್ಲ.
ಒಂದು ಬಂದ್ ದಿನ ಮಗಳಿಗೆ ಜ್ವರ, ಆಟೋ ಸಿಗಲಿಲ್ಲ,
ಚೌಕಿನಾಗ ನಿಂತು ಬೈದೆ. ಯಾರಿಗೆ ಬೈದೆ ಅಂತ ನೋಡಲಿಲ್ಲ.
ಬಾಡಿಗಿ ಹುಡುಗ ಮೂರು ತಿಂಗಳು ಸತಾಯಿಸಿದಾಗ
"ಈಗಿನವರಿಗೆ ಅಂಜಿಕಿ ಇಲ್ಲ" ಅಂದೆ,
ಈ ದನಿ ಎಲ್ಲೋ ಕೇಳಿದ್ದು ಅನಿಸಿತು.
ನಮ್ಮಪ್ಪಂದು.
ಲಾಲಸಾಬ ಮಾತ್ರ ಸಾಯೂತನಕ ಅಲ್ಲೇ ಇದ್ದ, ಎಲ್ಲಿದ್ದನೋ ಅಲ್ಲೇ.
ಅವಗ ಗ್ವಾಡಿ ಇದ್ದಿದ್ದಿಲ್ಲ.

ಹೋದ ಮಂಗಳವಾರ ನಡುರಾತ್ರಿ ಗ್ವಾಡಿ ಆಚಿ ಸರಸರ ಸಪ್ಪಳ.
ಟಾರ್ಚ್ ಹಾಕಿದೆ. ಒಬ್ಬ ಹುಡುಗ, ಮೀಸಿ ಚಿಗುರಲತ್ತದ.
ಓಡಲಿಲ್ಲ ಮಗ.
ನನ್ನ 'ಬರೆಯಬಾರದು' ಕೆಳಗೇ ಬರೀಲತ್ತಿದ್ದ:
ನಮ್ಮದು ನ್ಯಾಯದ ಸಂಘರ್ಶ.
"ಷ," ಅಂದೆ.
"ಏನ್ರಿ?"
"ಹೊಟ್ಟಿ ಸೀಳಿದ ಷ ಲೇ. ಈ ಶ ಅಲ್ಲ."
ಬ್ರಶ್ ಕಸಗೊಂಡು ತಿದ್ದಿದೆ. ಕೈ ನಡುಗಲಿಲ್ಲ.
ಯಾವ ಪಕ್ಷ ಅಂತ ಕೇಳಲಿಲ್ಲ. ಕೇಳಬೇಕಿತ್ತು.
ತಿದ್ದಿ ಆದ ಮ್ಯಾಲ ಅಂದೆ:
"ನಡಿ, ಪೊಲೀಸರಿಗೆ ಕೊಡ್ತೀನಿ."
ಅವ ನಕ್ಕ. ನಾನೂ, ಸ್ವಲ್ಪ.

ಬೆಳಗ್ಗೆ ಗೋಣಿಚೀಲ ಹಾಸಿ ಮೊಣಕಾಲೂರಿ ಕೂತೆ.
ಕತ್ತ ತಗೊಂಡು ತಿಕ್ಕಿದೆ. ಸೋಪಿನ ಪುಡಿ ಹಾಕಿದೆ,
ಆಮ್ಯಾಲ ಸೀಮೆಎಣ್ಣಿ.
ಆಯಿಲ್ ಪೇಂಟು ಇದು, ಹೋಗವಲ್ದು.
ಜಗದೇವಿ ಒಂದು ಕೊಡ ನೀರು ತಂದಿಟ್ಟು ಸುಮ್ಮನ ನಿಂತಳು.
ಮಾಪಮ್ಮಗ ಎಷ್ಟು ನೀರು ಹಿಡೀತಿತ್ತೋ?
ಎರಡು ಕೊಡ. ಭಾಳಂದ್ರ ಮೂರು.
ನಮ್ಮದು ಹೋಗ್ತಿತ್ತು.