ಸೊನ್ನೆ ಸಾಲು

ಉರ್ವೆ ಕೇಳಿದ್ದು ಇಷ್ಟೇ:
ವೋರ್ಮ್ಸಿ ದ್ವೀಪಕ್ಕೆ ಪ್ರತಿ ಫೆಬ್ರವರಿ
ಹಡಗೇರಿ ಎಷ್ಟು ಕಾರು ದಾಟಿದವು?

ಟೇಬಲ್ಲು ಒಂದೇ, ಮನೆ ಮಾತ್ರ ಎರಡು.
ಈಚಿನ ವರ್ಷಗಳು ಇಲ್ಲೇ, ಟಿಕೆಟ್ ಕಿಟಕಿಯ ಹಿಂದೆ
ಗುರುಗುಟ್ಟುವ ಪೆಟ್ಟಿಗೆಯಲ್ಲಿ.
ಹಳೆಯವು ಬಾಡಿಗೆಗೆ ಹೋಗಿವೆ, ಮೋಡಕ್ಕೆ.
ಮೋಡವೆಂದರೆ ಹೆಲ್ಸಿಂಕಿಯಾಚೆ
ಕಿಟಕಿಯಿಲ್ಲದ ಒಂದು ಶೆಡ್ಡು.

ತಾರೀಖು ಹೇಳಿದರೆ ಅದರ ಬಾಗಿಲಷ್ಟೇ ತೆರೆಯುತ್ತದೆ,
ಮಿಕ್ಕ ವರ್ಷಗಳ ನಿದ್ದೆ ಕೆಡುವುದಿಲ್ಲ.
ಇವತ್ತು ಅವಳು ಎಲ್ಲವನ್ನೂ ತಟ್ಟಿದಳು.

ಇಲ್ಲಿಯವು ರೆಪ್ಪೆ ಬಡಿಯುವಷ್ಟರಲ್ಲಿ ಬಂದವು.
ಮೋಡದವು ಬರುವ ಹೊತ್ತಿಗೆ
ಕರಿ ಬ್ರೆಡ್ಡು ಮುಗಿದು ಕಾಫಿ ಆರಿತ್ತು.
ಎರಡು ಸಾವಿರದ ಮೂರು: ಸೊನ್ನೆ.
ಹತ್ತು: ಸೊನ್ನೆ. ಹನ್ನೊಂದು: ಸೊನ್ನೆ.

ಕೊಂಡಿ ಕಡಿಯಿತೇ? ಕೀಲಿ ತಪ್ಪಿತೇ?
ತಪ್ಪೆನ್ನುವ ಕೆಂಪಕ್ಷರ ಒಂದೂ ಇಲ್ಲ.

ಹಗ್ಗ ಸುತ್ತಿಡಲು ಬಂದ ಹಿಲ್ಲಾರ್ ಬಗ್ಗಿ ನೋಡಿ ನಕ್ಕ:
"ಆ ಚಳಿಗೆ ಕಡಲೇ ರಸ್ತೆಯಾಗಿತ್ತಲ್ಲ!
ಸೀಟ್‌ಬೆಲ್ಟ್ ಬಿಚ್ಚಿಕೊಂಡು
ಮಂಜುಗಡ್ಡೆ ಮೇಲೆ ಓಡಿಸಿದ್ದೆವು.
ಟಿಕೆಟ್ ಹರಿಯೋರು ಯಾರು?"

ಉರ್ವೆ ಸೊನ್ನೆಗಳನ್ನು ಹಾಗೇ ಬಿಟ್ಟಳು.
ಕೊನೆಯ ಸಾಲು, ಈ ಫೆಬ್ರವರಿ:
ನಾಲ್ಕು ಸಾವಿರದ ಹನ್ನೆರಡು ಕಾರು.
ಗಾಜಿನಾಚೆ ನೀರು,
ಅಲ್ಲಾಡುತ್ತಲೇ ಇರುವ ನೀರು.